ಕಡತದಲ್ಲಿ ಬರೆದ ಬಾಗಿಲುಗಳು

ಕಲಾ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಗಣಕಯಂತ್ರಗಳ ಜಾಲದ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಿತ್ರರು ನಗಬಹುದು. ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಈ ಮೂರೇ ನಾನು ಓದಿದ ವಿಷಯಗಳು. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿದ ಬರಹ ಯಾವುದೆಂದು ಪ್ರಾಮಾಣಿಕವಾಗಿ ಹೇಳಬೇಕಾದರೆ, ಅದು ಪಂಪನದೂ ಅಲ್ಲ, ಸಂವಿಧಾನವೂ ಅಲ್ಲ; ಒಟ್ಟು ಸೇರಿಸಿದರೂ ಮೂವತ್ತು ಸಾಲು ಮೀರದ ನಾಲ್ಕು ಸಣ್ಣ ಕಡತಗಳು. ಅವು ಕಮಲಾಪುರದ ಒಂದು ಅಂಗಡಿಯ ಮೂಲೆಯಲ್ಲಿರುವ ಹಳೆಯ ಗಣಕಯಂತ್ರದಲ್ಲಿವೆ. ಆ ಸಾಲುಗಳಲ್ಲಿ ಎರಡು ಶಬ್ದಗಳು ಸ್ಥಾನ ಬದಲಿಸಿದುದರಿಂದ ಒಂದು ಸಂಜೆ ಏನಾಯಿತೆಂಬುದನ್ನು ಮುಂದೆ ಹೇಳುವೆನು. ಅದು ಅರ್ಥವಾಗಬೇಕಾದರೆ ಆ ಕಡತಗಳನ್ನು ಓದುವ ಬಗೆ ಮೊದಲು ತಿಳಿಯಬೇಕು.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಸುಮಾರು ಒಂದು ಗಂಟೆಯ ಹಾದಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಕೆಲವು ವರ್ಷಗಳ ಹಿಂದೆ ಅದು ತಾಲ್ಲೂಕು ಕೇಂದ್ರವಾಯಿತು. ತಾಲ್ಲೂಕಾದ ಮೇಲೆ ಅರ್ಜಿಗಳು ಹೆಚ್ಚಿದವು. ಅರ್ಜಿ ಹೆಚ್ಚಿದಂತೆ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಗಳೂ ಹೆಚ್ಚಿದವು. ಅಂಥ ಒಂದು ಅಂಗಡಿಯಲ್ಲಿ ನಾನು ರಜಾದಿನಗಳಲ್ಲಿ ಕುಳಿತು ವಿದ್ಯಾರ್ಥಿವೇತನದ ಅರ್ಜಿ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ಮೊದಲಾದವುಗಳ ಕೆಲಸ ಮಾಡುತ್ತ ನನ್ನ ಓದಿನ ಖರ್ಚನ್ನು ಹೊಂದಿಸಿಕೊಳ್ಳುತ್ತೇನೆ. ಮಾಲೀಕರನ್ನು ನಾನು ಅಣ್ಣ ಎಂದೇ ಕರೆಯುವುದು. ಸರದಿಯಲ್ಲಿ ಕಾಯುವವರಿಗೆ ಬೇಸರವಾಗದಿರಲೆಂದು ಅವರು ಅಂಗಡಿಯ ವೈಫೈಯನ್ನು ಎಲ್ಲರಿಗೂ ಬಿಟ್ಟಿದ್ದರು. ಅದು ಔದಾರ್ಯವೇ, ಅದರಲ್ಲಿ ಸಂದೇಹವಿಲ್ಲ.

ಒಂದು ಶನಿವಾರ, ಕೆಲಸವಿಲ್ಲದ ಹೊತ್ತಿನಲ್ಲಿ, ನನ್ನ ಮೊಬೈಲಿನಲ್ಲಿ ಕಡತಗಳನ್ನು ನೋಡುವ ಆ್ಯಪ್ ತೆರೆದು 'ನೆಟ್‌ವರ್ಕ್' ಎಂಬಲ್ಲಿ ಸುಮ್ಮನೆ ಒತ್ತಿದೆ. ಅಂಗಡಿಯ ದೊಡ್ಡ ಗಣಕಯಂತ್ರದ ಹೆಸರು ಕಾಣಿಸಿತು. ಅದನ್ನು ಒತ್ತಿದೆ. 'ಸ್ಕ್ಯಾನ್' ಎಂಬ ಕೋಶ ಕಾಣಿಸಿತು. ಗುಪ್ತಪದ ಕೇಳಲಿಲ್ಲ. ಅದರೊಳಗೆ ವರ್ಷವಾರು ಕೋಶಗಳು, ಅವುಗಳೊಳಗೆ ಹೆಸರುಗಳು. ನನ್ನ ಹೆಸರೂ ಇತ್ತು. ನನ್ನ ಎಸ್ಎಸ್ಎಲ್‌ಸಿ ಅಂಕಪಟ್ಟಿ, ಬ್ಯಾಂಕ್ ಪುಸ್ತಕದ ಮೊದಲ ಪುಟ, ಆಧಾರ್ ಕಾರ್ಡು, ನಮ್ಮ ಅಪ್ಪನು ಹೆಬ್ಬೆರಳು ಒತ್ತಿದ ಆದಾಯದ ಅರ್ಜಿ. ನಾನು ತಲೆಯೆತ್ತಿ ಬೆಂಚಿನ ಮೇಲೆ ಕುಳಿತಿದ್ದ ಆರೇಳು ಜನರನ್ನು ನೋಡಿದೆ. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇತ್ತು. ಅವರೆಲ್ಲರೂ ಸಜ್ಜನರೇ ಇರಬಹುದು. ಆದರೆ ಆ ಕೋಶದಲ್ಲಿದ್ದವರು, ಅವರ ಕಾಗದ ಹೀಗೆ ಬೆಂಚಿನ ಮೇಲೆ ಹರಡಿದೆಯೆಂದು, ಕನಸಿನಲ್ಲಿಯೂ ಅರಿಯರು.

ಕೋಶಕ್ಕೆ ಗುಪ್ತಪದ ಹಾಕಿದರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನು ಆ ದಿನವೇ ಹಾಕಿದೆವು. ಆದರೆ ನಾಳೆ ಇನ್ನೊಂದು ಕೋಶ, ನಾಡಿದ್ದು ಇನ್ನೊಂದು ಗಣಕಯಂತ್ರ. ಮೂಲದ ದೋಷ ಬೇರೆಯೇ ಆಗಿತ್ತು: ಅಂಗಡಿಯ ಯಂತ್ರಗಳೂ ಬಂದವರ ಮೊಬೈಲುಗಳೂ ಒಂದೇ ಜಾಲದಲ್ಲಿ, ಒಂದೇ ಚಾಪೆಯ ಮೇಲೆ ಕುಳಿತಿದ್ದವು.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನೆಯಿರಿ. ದಾರಿಹೋಕನು ಬಂದರೆ ಕಟ್ಟೆಯ ಮೇಲೆ ಕೂರುತ್ತಾನೆ. ಅವನಿಗೆ ನೀರು ಅಲ್ಲಿಗೇ ಬರುತ್ತದೆ. ಪರಿಚಯದವರು ಪಡಸಾಲೆಗೆ ಬರುತ್ತಾರೆ. ಬೀಗರು, ನೆಂಟರು ನಡುಮನೆಗೆ. ಅಡಿಗೆಮನೆಗೆ ಹೋಗುವವರು ಇನ್ನೂ ಕಡಿಮೆ. ಯಾರು ಎಲ್ಲಿಯವರೆಗೆ ಬರಬಹುದೆಂದು ಗೋಡೆಯ ಮೇಲೆ ಬರೆದಿರುವುದಿಲ್ಲ. ಆದರೂ ಚಿಕ್ಕ ಮಗುವಿಗೂ ಅದು ಗೊತ್ತು. (ಈ ಪದ್ಧತಿಯಲ್ಲಿ ಎಷ್ಟು ಮರ್ಯಾದೆಯಿತ್ತೋ ಅಷ್ಟೇ ಅನ್ಯಾಯವೂ ಇತ್ತೆಂಬುದನ್ನು ಬಲ್ಲೆ. ಕಟ್ಟೆಯನ್ನು ದಾಟಲು ಬಿಡದ ಜನರ ಮನೆಯವನೇ ನಾನು. ಇಲ್ಲಿ ಉಪಮಾನವಾಗಿ ಮಾತ್ರ ತೆಗೆದುಕೊಂಡಿದ್ದೇನೆ.) ಯಂತ್ರಕ್ಕೆ ಇಂಥ ತಿಳಿವಳಿಕೆ ಹುಟ್ಟಿನಿಂದ ಬರುವುದಿಲ್ಲ. ಕಟ್ಟೆ ಯಾವುದು, ನಡುಮನೆ ಯಾವುದು ಎಂಬುದನ್ನು ಅದಕ್ಕೆ ಅಕ್ಷರದಲ್ಲಿ ಬರೆದುಕೊಡಬೇಕು. ಆ ಕಡತಗಳು ಅಂಥ ಬರವಣಿಗೆ.

ಈಗ ಮಾರುಕಟ್ಟೆಗೆ ಬರುವ ವೈಫೈ ಪೆಟ್ಟಿಗೆಗಳಲ್ಲಿ 'ಅತಿಥಿ ಜಾಲ' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಸ್ವಲ್ಪಮಟ್ಟಿಗೆ ಈ ಕೆಲಸವಾಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ, ಹೊಸದು ಕೊಳ್ಳಲು ಅಣ್ಣನಿಗೆ ಮನಸ್ಸಿರಲಿಲ್ಲ. ಪಾಲಿಟೆಕ್ನಿಕ್ ಓದಿದ ನನ್ನ ಗೆಳೆಯನೊಬ್ಬನು, ಬದಿಗೆ ಬಿದ್ದಿದ್ದ ಹಳೆಯ ಗಣಕಯಂತ್ರವೊಂದನ್ನು ತೋರಿಸಿ, ಅದಕ್ಕೆ ಮೂರು ಜಾಲಕಾರ್ಡು ಹಾಕಿ ಲಿನಕ್ಸ್ ಏರಿಸಿದರೆ ಅದೇ ನಾಕಾ ಆಗುತ್ತದೆ ಎಂದನು. ಮೊದಲನೆಯ ಕಾರ್ಡಿಗೆ ಹೊರಗಿನಿಂದ ಬರುವ ತಂತಿ, ಎರಡನೆಯದಕ್ಕೆ ಅಂಗಡಿಯ ಯಂತ್ರಗಳು, ಮೂರನೆಯದಕ್ಕೆ ವೈಫೈ ಪೆಟ್ಟಿಗೆ. ಎಲ್ಲ ಸಂಚಾರವೂ ನಡುವೆ ಕುಳಿತ ಈ ಯಂತ್ರವನ್ನು ಹಾದೇ ಹೋಗಬೇಕು.

ಇಂಥ ಯಂತ್ರವನ್ನು ಇಂಗ್ಲಿಷಿನಲ್ಲಿ ಫೈರ್‌ವಾಲ್ ಎನ್ನುತ್ತಾರೆ. ಕೆಲವರು 'ಬೆಂಕಿಗೋಡೆ' ಎಂದು ಅನುವಾದಿಸಿದ್ದಾರೆ. ಆ ಶಬ್ದ ನನಗೆ ರುಚಿಸದು. ಗೋಡೆಯಾದರೆ ಯಾರನ್ನೂ ಬಿಡುವುದಿಲ್ಲ. ಇದು ಬಿಡಬೇಕಾದವರನ್ನು ಬಿಡುತ್ತದೆ. ಹಿರಿಯರ ಬಾಯಲ್ಲಿರುವ ನಾಕಾ ಎಂಬ ಮಾತೇ ಸರಿ. ೧೯೪೮ರ ಸೆಪ್ಟೆಂಬರಿನವರೆಗೆ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತೆಂಬುದೂ, ಸಂಸ್ಥಾನದ ಗಡಿ ದಾಟುವ ಸರಕಿಗೆ ಕರೋಡಗಿರಿ ಎಂಬ ಸುಂಕವಿತ್ತೆಂಬುದೂ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ನಾಕಾದಲ್ಲಿ ನಿಂತವನು ಗಾಡಿಯವನನ್ನು ಏನು ಕೇಳಿಯಾನು? ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ, ಗಾಡಿಯಲ್ಲಿ ಏನಿದೆ. ನಮ್ಮ ಯಂತ್ರವೂ ಈ ಮೂರನ್ನೇ ಕೇಳುತ್ತದೆ.

ಇನ್ನೊಂದು ಭೇದವನ್ನು ಇಲ್ಲಿಯೇ ಹೇಳಿಬಿಡಬೇಕು. ನಾನು ಇದರಲ್ಲಿ ಬಹುದಿನ ಗೊಂದಲಪಟ್ಟೆ. ದಾರಿ ಬೇರೆ, ಅಪ್ಪಣೆ ಬೇರೆ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಕಮಲಾಪುರಕ್ಕೆ ಹೋಗಬೇಕಾದರೆ ಹುಮನಾಬಾದ್ ಕಡೆಯ ಬಸ್ಸು ಹತ್ತಬೇಕು ಎಂಬುದು ದಾರಿಯ ಮಾತು. ಹತ್ತಲು ಕಂಡಕ್ಟರನು ಬಿಡುತ್ತಾನೋ ಇಲ್ಲವೋ ಎಂಬುದು ಅಪ್ಪಣೆಯ ಮಾತು. ನಮ್ಮ ಯಂತ್ರದಲ್ಲಿ ದಾರಿಯ ಪಟ್ಟಿ ಮೂರೇ ಸಾಲು: ೧೯೨.೧೬೮.೧೦ ಎಂದು ಆರಂಭವಾಗುವ ವಿಳಾಸಗಳೆಲ್ಲ ಎರಡನೆಯ ಕಾರ್ಡಿನ ಕಡೆ; ೧೯೨.೧೬೮.೨೦ ಎಂದು ಆರಂಭವಾಗುವುವು ಮೂರನೆಯದರ ಕಡೆ; ಉಳಿದ ಜಗತ್ತೆಲ್ಲ ಮೊದಲನೆಯದರ ಕಡೆ. ೧೯೨.೧೬೮ ಎಂಬ ಈ ಆರಂಭ ನಮ್ಮ ಸ್ವಂತ ಕಲ್ಪನೆಯಲ್ಲ. ೧೯೯೬ರ ಫೆಬ್ರವರಿಯಲ್ಲಿ ಹೊರಟ ಒಂದು ಒಪ್ಪಂದದ ಪ್ರಕಾರ ಈ ಸಂಖ್ಯೆಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. ಹೊರಗಿನ ಜಗತ್ತಿನಲ್ಲಿ ಅವು ನಡೆಯವು. ಆದುದರಿಂದ ಒಳಗಿನವರ ಮಾತು ಹೊರಗೆ ಹೋಗುವಾಗ ನಮ್ಮ ಯಂತ್ರವು ಅದರ ಮೇಲೆ ತನ್ನ ಹೊರವಿಳಾಸವನ್ನು ಬರೆದು ಕಳಿಸುತ್ತದೆ, ಉತ್ತರ ಬಂದಾಗ ಯಾರದೆಂದು ನೆನಪಿಟ್ಟು ಹಿಂದಿರುಗಿಸುತ್ತದೆ. ಅದಕ್ಕೂ ಒಂದು ಸಾಲಿನ ಕಡತವಿದೆ. ಅದನ್ನು ವಿವರಿಸುತ್ತ ಕೂರುವುದಿಲ್ಲ.

ಅಪ್ಪಣೆಯ ಕಡೆಗೆ ಬರೋಣ. ಲಿನಕ್ಸಿನ ಒಡಲೊಳಗೆ ಸಂಚಾರವನ್ನು ತಡೆಯುವ, ಬಿಡುವ ಶಕ್ತಿ ಇದೆ. ೨೦೦೧ರ ಜನವರಿಯಲ್ಲಿ ಬಂದ ಅದರ ೨.೪ನೆಯ ಆವೃತ್ತಿಯಿಂದ ಆ ಶಕ್ತಿಯನ್ನು ಐಪಿಟೇಬಲ್ಸ್ ಎಂಬ ಆಜ್ಞೆಗಳ ಮೂಲಕ ನಡೆಸುವ ರೂಢಿ ಬಂದಿತು. ಆದರೆ ಆ ಆಜ್ಞೆಗಳು ಉದ್ದುದ್ದ. ಒಂದೊಂದರಲ್ಲೂ ಕಾರ್ಡಿನ ಹೆಸರು, ವಿಳಾಸ, ಸಂಖ್ಯೆ ಎಲ್ಲ ಬೆರೆತಿರುತ್ತವೆ. ಐವತ್ತು ಆಜ್ಞೆಗಳಾದ ಮೇಲೆ ಬರೆದವನಿಗೇ ಅವುಗಳ ಅರ್ಥವಾಗುವುದಿಲ್ಲ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಶೋರ್‌ಲೈನ್ ಎಂಬ ಊರಿನ ಟಾಮ್ ಈಸ್ಟೆಪ್ ಎಂಬವರು ಇದಕ್ಕೆ ಒಂದು ಉಪಾಯ ಮಾಡಿದರು. ಮನುಷ್ಯನು ಕೋಷ್ಟಕದಂತೆ, ಕಂಬಕಂಬವಾಗಿ, ಸರಳ ಕಡತಗಳನ್ನು ಬರೆಯಲಿ; ಅವನ್ನು ಓದಿ ಉದ್ದನೆಯ ಆಜ್ಞೆಗಳನ್ನು ಯಂತ್ರವೇ ರಚಿಸಿಕೊಳ್ಳಲಿ. ಆ ಸಲಕರಣೆಗೆ ಊರಿನ ಹೆಸರನ್ನೇ ಕೂಡಿಸಿ ಶೋರ್‌ವಾಲ್ ಎಂದು ಹೆಸರಿಟ್ಟರು. ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಅದನ್ನು ಬಿಟ್ಟುಕೊಟ್ಟು, ವರ್ಷಗಟ್ಟಲೆ ಪೋಷಿಸಿ, ೨೦೧೯ರಲ್ಲಿ ಆ ಕೆಲಸದಿಂದ ನಿವೃತ್ತರಾಗುವುದಾಗಿ ತಿಳಿಸಿದರು. ಒಂದು ಸ್ವಾರಸ್ಯವೇನೆಂದರೆ ಶೋರ್‌ವಾಲ್ ಎಂಬುದು ಸದಾ ನಡೆಯುತ್ತಿರುವ ಕಾವಲುಗಾರನಲ್ಲ. ಅದು ಕಡತಗಳನ್ನು ಓದಿ, ನಿಯಮಗಳನ್ನು ಲಿನಕ್ಸಿನ ಒಡಲಿಗೆ ಒಪ್ಪಿಸಿ, ಎದ್ದು ಹೋಗುತ್ತದೆ. ದಸ್ತಾವೇಜು ಬರೆದುಕೊಟ್ಟು ಮನೆಗೆ ಹೋಗುವ ಬರಹಗಾರನಂತೆ. ದಸ್ತಾವೇಜಿನಲ್ಲಿ ಬರೆದದ್ದು ಆಮೇಲೆ ತಾನಾಗಿ ನಡೆಯುತ್ತದೆ.

ಮೊದಲನೆಯ ಕಡತದ ಹೆಸರು ಜೋನ್ಸ್, ಅಂದರೆ ವಲಯಗಳು. ನಿಜವಾದ ಕಡತದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬರೆಯಬೇಕು. ಇಲ್ಲಿ ನಮ್ಮ ಲಿಪಿಯಲ್ಲಿ ಕೊಟ್ಟಿದ್ದೇನೆ.

ಎಫ್‌ಡಬ್ಲ್ಯೂ — ಫೈರ್‌ವಾಲ್
ಹೊರ — ಐಪಿವಿ೪
ಒಳ — ಐಪಿವಿ೪
ಮಂದಿ — ಐಪಿವಿ೪

ಇಷ್ಟೇ. ಮೊದಲ ಸಾಲು ಯಂತ್ರವು ತನಗೆ ತಾನೇ ಇಟ್ಟುಕೊಂಡ ಹೆಸರು. ಉಳಿದ ಮೂರು ಹೆಸರುಗಳು ನಾವಿಟ್ಟವು. ಪುಸ್ತಕಗಳಲ್ಲಿ ಇವಕ್ಕೆ ನೆಟ್, ಲಾಕ್ ಇತ್ಯಾದಿ ಹೆಸರುಗಳಿವೆ. ಆದರೆ ಹೆಸರು ಚಿಕ್ಕದಾಗಿರಬೇಕೆಂಬುದನ್ನು ಬಿಟ್ಟರೆ ಹೆಚ್ಚಿನ ಕಟ್ಟುಪಾಡಿಲ್ಲವೆಂದು ತಿಳಿದ ಕೂಡಲೆ ನಾನು ಕನ್ನಡದ ಶಬ್ದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆ. ಹೊರ ಎಂದರೆ ಇಂಟರ್‌ನೆಟ್ಟು, ಒಳ ಎಂದರೆ ಅಂಗಡಿಯ ಯಂತ್ರಗಳು, ಮಂದಿ ಎಂದರೆ ಬೆಂಚಿನ ಮೇಲೆ ಕುಳಿತವರ ಮೊಬೈಲುಗಳು. ಈ ಕಡತದಲ್ಲಿ ಕಾರ್ಡಿನ ಮಾತಿಲ್ಲ, ತಂತಿಯ ಮಾತಿಲ್ಲ, ವಿಳಾಸವಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಬರಿಯ ಹೆಸರುಗಳು.

ಎರಡನೆಯದು ಇಂಟರ್‌ಫೇಸಸ್. ಇಂಟರ್‌ಫೇಸ್ ಎಂದರೆ ಬಾಗಿಲು; ನಮ್ಮಲ್ಲಿ ಒಂದೊಂದು ಜಾಲಕಾರ್ಡು ಒಂದೊಂದು ಬಾಗಿಲು. ಲಿನಕ್ಸ್ ಅವುಗಳಿಗೆ ಈಥ್೦, ಈಥ್೧, ಈಥ್೨ ಎಂದು ಹೆಸರಿಡುತ್ತದೆ. ಎಣಿಕೆ ಸೊನ್ನೆಯಿಂದ ಆರಂಭ. (ಹೊಸ ವ್ಯವಸ್ಥೆಗಳಲ್ಲಿ ಹೆಸರುಗಳು ಇದಕ್ಕಿಂತ ಉದ್ದ ಮತ್ತು ವಿಕಾರ.)

ಹೊರ — ಈಥ್೦ — ಡಿಎಚ್‌ಸಿಪಿ, ರೂಟ್‌ಫಿಲ್ಟರ್
ಒಳ — ಈಥ್೧ — ರೂಟ್‌ಫಿಲ್ಟರ್
ಮಂದಿ — ಈಥ್೨ — ಡಿಎಚ್‌ಸಿಪಿ, ರೂಟ್‌ಫಿಲ್ಟರ್

ಇವುಗಳ ಮೇಲೆ 'ಫಾರ್ಮ್ಯಾಟ್ ೨' ಎಂಬ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಹಳೆಯ ಪದ್ಧತಿಯಂತೆ ನಡುವೆ ಇನ್ನೊಂದು ಕಂಬವಿದೆಯೆಂದು ಯಂತ್ರ ತಿಳಿಯುತ್ತದೆ. ಮೂರನೆಯ ಕಂಬದಲ್ಲಿ ಬಾಗಿಲಿನ ಗುಣಗಳು. ಡಿಎಚ್‌ಸಿಪಿ ಎಂದರೆ ಆ ಬಾಗಿಲಲ್ಲಿ ವಿಳಾಸದ ಕೊಡುಕೊಳ್ಳುವಿಕೆ ನಡೆಯುತ್ತದೆಂದು ಅರ್ಥ. ಮಂದಿಯ ಸಾಲಿನಲ್ಲಿ ಇದನ್ನು ಮರೆತಿದ್ದಾಗ ಯಾವ ಮೊಬೈಲಿಗೂ ವಿಳಾಸ ಸಿಗದೆ ಅರ್ಧ ದಿನ ಹೋಯಿತು. ರೂಟ್‌ಫಿಲ್ಟರ್ ಎಂಬುದು ಸುಳ್ಳುವಿಳಾಸಕ್ಕೆ ತಡೆ. ಹೊರಗಿನ ಬಾಗಿಲಿನಿಂದ ಬಂದವನು 'ನಾನು ೧೯೨.೧೬೮.೧೦ರವನು' ಎಂದರೆ, ಆ ವಿಳಾಸದವರು ಆ ಕಡೆಯಿಂದ ಬರಲು ಸಾಧ್ಯವಿಲ್ಲವೆಂದು ದಾರಿಯ ಪಟ್ಟಿಯನ್ನು ನೋಡಿ ಯಂತ್ರವು ಅವನನ್ನು ಬಿಡುವುದಿಲ್ಲ.

ಹೆಸರು ಒಂದು ಕಡತದಲ್ಲಿ, ಬಾಗಿಲು ಇನ್ನೊಂದರಲ್ಲಿ ಏಕೆ? ಎರಡನ್ನೂ ಒಂದೇ ಕಡೆ ಬರೆದರೆ ಆಗದೆ? ಇದು ನನಗೆ ಬಹಳ ದಿನ ವ್ಯರ್ಥ ಕಸರತ್ತೆಂದೇ ತೋರಿತ್ತು. ಒಂದು ಬೇಸಿಗೆಯಲ್ಲಿ ಸಿಡಿಲಿಗೆ ಮೂರನೆಯ ಕಾರ್ಡು ಸುಟ್ಟುಹೋಯಿತು. ಅಣ್ಣನು ಕಲಬುರಗಿಯಿಂದ ಬೇರೆ ತರಹದ ಕಾರ್ಡು ತಂದು ಹಾಕಿಸಿದನು. ಅದರ ಹೆಸರು ಈಥ್೩ ಆಯಿತು. ಆ ಕಾರ್ಡಿಗೆ ವಿಳಾಸ ಕೊಡುವ ಕಡೆ ಹೆಸರನ್ನು ತಿದ್ದಿದ ಮೇಲೆ, ಶೋರ್‌ವಾಲಿನ ಕಡತಗಳಲ್ಲಿ ನಾನು ಬದಲಿಸಬೇಕಾದದ್ದು ಒಂದೇ ಸಾಲಿನ ಒಂದೇ ಅಂಕೆ. ಮಂದಿ ಎಂಬ ಹೆಸರು ಮಿಕ್ಕ ಕಡತಗಳಲ್ಲಿ ಎಲ್ಲೆಲ್ಲಿ ಇತ್ತೋ ಅಲ್ಲಲ್ಲಿ ಹಾಗೆಯೇ ಉಳಿಯಿತು. ಬಾಗಿಲು ಸುಟ್ಟರೂ ಬಾಗಿಲಾಚೆ ಇರುವವರು ಅವರೇ ತಾನೆ? ನಿಯಮವು ಜನರನ್ನು ಕುರಿತದ್ದು, ತಂತಿಯನ್ನು ಕುರಿತದ್ದಲ್ಲ. ಇವೆರಡೂ ಒಂದನ್ನೊಂದು ಮುಟ್ಟುವುದು ಇಂಟರ್‌ಫೇಸಸ್ ಎಂಬ ಈ ಒಂದು ಕಡತದಲ್ಲಿ. ಆದುದರಿಂದಲೇ ಅದರಷ್ಟು ಉಪಕಾರಿಯೂ ಅಪಾಯಕಾರಿಯೂ ಆದ ಕಡತ ಇನ್ನೊಂದಿಲ್ಲ. ಉಪಕಾರವನ್ನು ಹೇಳಿದ್ದಾಯಿತು.

ಮೂರನೆಯದು ಪಾಲಿಸಿ, ಅಂದರೆ ಸಾಮಾನ್ಯ ನೀತಿ.

ಒಳ — ಹೊರ — ಅಕ್ಸೆಪ್ಟ್
ಮಂದಿ — ಹೊರ — ಅಕ್ಸೆಪ್ಟ್
ಎಫ್‌ಡಬ್ಲ್ಯೂ — ಹೊರ — ಅಕ್ಸೆಪ್ಟ್
ಹೊರ — ಆಲ್ — ಡ್ರಾಪ್ — ಇನ್ಫೋ
ಆಲ್ — ಆಲ್ — ರಿಜೆಕ್ಟ್ — ಇನ್ಫೋ

ಎಡದಿಂದ ಬಲಕ್ಕೆ ಓದಿದರೆ ಕನ್ನಡ ವಾಕ್ಯವೇ ಆಗುತ್ತದೆ: ಒಳಗಿನವರು ಹೊರಗೆ ಹೋಗಬಹುದು, ಮಂದಿಯೂ ಹೋಗಬಹುದು, ಯಂತ್ರವೂ ಹೋಗಬಹುದು, ಹೊರಗಿನಿಂದ ಯಾರೂ ಎಲ್ಲಿಗೂ ಬರಕೂಡದು, ಇಲ್ಲಿ ಹೇಳದೆ ಉಳಿದದ್ದೆಲ್ಲ ನಿಷಿದ್ಧ. ಮಂದಿಯಿಂದ ಒಳಕ್ಕೆ ಎಂಬ ಸಾಲು ಎಲ್ಲಿಯೂ ಇಲ್ಲ. ಹೇಳದಿರುವುದರಿಂದಲೇ ಅದು ನಿಷೇಧವಾಯಿತು; ಅಪ್ಪನ ಹೆಬ್ಬೆರಳಿನ ಗುರುತನ್ನು ಕಾಯುವುದು ಆ ಕೊನೆಯ ಸಾಲು. ಯಂತ್ರವು ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿಕೆಯಾದ ಸಾಲಿಗೆ ನಿಲ್ಲುವುದರಿಂದ ಸಾಲುಗಳ ಅನುಕ್ರಮವೂ ಮುಖ್ಯ. ಕೊನೆಯ ಸಾಲನ್ನು ಮೇಲಕ್ಕೆ ತಂದರೆ ಮಿಕ್ಕ ಸಾಲುಗಳು ಇದ್ದೂ ಇಲ್ಲದಂತೆ. ಕೊನೆಯಲ್ಲಿರುವ 'ಇನ್ಫೋ' ಎಂಬುದು, ಹೀಗೆ ತಡೆದಾಗಲೆಲ್ಲ ದಾಖಲೆಯಲ್ಲಿ ಒಂದು ಸಾಲು ಬರೆ ಎಂಬ ಸೂಚನೆ.

ಡ್ರಾಪ್ ಮತ್ತು ರಿಜೆಕ್ಟ್ ಎರಡೂ ತಡೆಯುವುದೇ. ಆದರೆ ಎರಡಕ್ಕೂ ಸ್ವಭಾವ ಬೇರೆ. ಬಾಗಿಲು ತಟ್ಟಿದವನಿಗೆ ಒಳಗಿನಿಂದ 'ಇಲ್ಲ, ಹೋಗು' ಎಂದರೆ ರಿಜೆಕ್ಟ್. ಉಸಿರೆತ್ತದೆ ಕುಳಿತರೆ ಡ್ರಾಪ್. ತಟ್ಟಿದವನಿಗೆ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದೂ ತಿಳಿಯದು. ಹೊರಗಿನ ಅಪರಿಚಿತರಿಗೆ ಮೌನ, ಒಳಗಿನವರಿಗೂ ಮಂದಿಗೂ ಮಾತಿನ ಉತ್ತರ, ಇದು ವಾಡಿಕೆ. ಈ ಭೇದವನ್ನು ನೆನಪಿನಲ್ಲಿಡಿರಿ.

ನಾಲ್ಕನೆಯದು ರೂಲ್ಸ್; ನೀತಿಗೆ ಅಪವಾದಗಳು. ವ್ಯಾಕರಣದಲ್ಲಿ ಸೂತ್ರದ ಕೆಳಗೆ ಅಪವಾದ ಬರುತ್ತದೆ. ಇಲ್ಲಿ ಯಂತ್ರವು ಅಪವಾದವನ್ನು ಮೊದಲು ನೋಡಿ ಆಮೇಲೆ ಸೂತ್ರಕ್ಕೆ ಹೋಗುತ್ತದೆ. ನಮ್ಮಲ್ಲಿ ಅಪವಾದಗಳು ಕೆಲವೇ. ಜಾಲತಾಣದ ಹೆಸರಿಗೆ ವಿಳಾಸ ಯಾವುದೆಂದು ಒಳಗಿನವರೂ ಮಂದಿಯೂ ಯಂತ್ರವನ್ನು ಕೇಳಬಹುದು. ಅದು ೫೩ನೆಯ ದ್ವ್ಾರಸಂಖ್ಯೆ. ಕಲಬುರಗಿಯಲ್ಲಿರುವಾಗ ಯಂತ್ರವನ್ನು ತಿದ್ದಲು, ಕೀಲಿಯ ಕಡತವಿರುವ ನನಗೊಬ್ಬನಿಗೆ, ಹೊರ ಎಂಬ ವಲಯದಿಂದ ಯಂತ್ರಕ್ಕೆ ಬರಲು ಒಂದು ಬಾಗಿಲು. ಇನ್ನೊಂದು ಅಪವಾದವನ್ನು ಅಣ್ಣನೇ ಬೇಡಿ ಹಾಕಿಸಿದನು. ಮೊದಲು ಜನರು ಮೊಬೈಲಿನಿಂದಲೇ ಮುದ್ರಣಯಂತ್ರಕ್ಕೆ ಕಾಗದ ಕಳಿಸುತ್ತಿದ್ದರು. ವಲಯಗಳು ಬಂದ ಮೇಲೆ ಅದು ನಿಂತು ವ್ಯಾಪಾರ ಕೆಟ್ಟಿತು. ಆಗ ಮಂದಿಯಿಂದ ಒಳಗಿನ ೧೯೨.೧೬೮.೧೦.೨೦ ಎಂಬ ಒಂದೇ ವಿಳಾಸಕ್ಕೆ, ೬೩೧ ಎಂಬ ಒಂದೇ ದ್ವಾರಕ್ಕೆ ಅಕ್ಸೆಪ್ಟ್ ಎಂದು ಬರೆದೆ. ಆದರೂ ಮೊಬೈಲುಗಳಿಗೆ ಮುದ್ರಣಯಂತ್ರ ಕಾಣಿಸಲಿಲ್ಲ. ಅವು ತಮ್ಮ ಕೋಣೆಯಲ್ಲಿ 'ಮುದ್ರಣಯಂತ್ರ ಯಾರಾದರೂ ಇದ್ದೀರಾ' ಎಂದು ಕೂಗಿ ಹುಡುಕುತ್ತವೆ. ಆ ಕೂಗು ನಾಕಾ ದಾಟುವುದಿಲ್ಲ. ಕೊನೆಗೆ ಅಣ್ಣನು ವಿಳಾಸವನ್ನು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದನು. ಈಗಲೂ ಅದು ಅಲ್ಲಿದೆ.

ಇನ್ನು ಆ ಸಂಜೆಯ ಮಾತು. ವಿದ್ಯಾರ್ಥಿವೇತನದ ಅರ್ಜಿಗೆ ಮರುದಿನ ಕೊನೆಯ ದಿನ. ನಾನು ಕಲಬುರಗಿಯ ನನ್ನ ಕೋಣೆಯಲ್ಲಿ ಕುಳಿತು ಯಂತ್ರದ ಕಡತಗಳನ್ನು ತೆರೆದು ನೋಡುತ್ತಿದ್ದೆ. ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಆದರೆ 'ಹೊರ, ಒಳ' ಎಂಬ ಕ್ರಮ ನನ್ನ ಕಿವಿಗೆ ಒಗ್ಗಲಿಲ್ಲ. ಒಳಹೊರಗು ಎನ್ನುವುದೇ ಕನ್ನಡದ ನುಡಿ. ಹೊರಒಳಗು ಎಂದು ಯಾರೂ ಹೇಳುವುದಿಲ್ಲ. ಕನ್ನಡ ಐಚ್ಛಿಕ ಓದುವವನ ಚಪಲ! ಜೋನ್ಸ್ ಕಡತದಲ್ಲಿ ಒಳವನ್ನು ಮೇಲಕ್ಕೆ ತಂದೆ. ಅದರಿಂದ ತೊಂದರೆಯಿಲ್ಲ. ಅದೇ ಹುರುಪಿನಲ್ಲಿ ಇಂಟರ್‌ಫೇಸಸ್ ಕಡತದಲ್ಲೂ ಮೊದಲ ಕಂಬದ ಹೆಸರುಗಳನ್ನು ಮೇಲೆ ಕೆಳಗೆ ಮಾಡಿದೆ. ಪಕ್ಕದ ಕಂಬದ ಬಾಗಿಲುಗಳನ್ನು ಇದ್ದಂತೆಯೇ ಬಿಟ್ಟೆ.

ಒಳ — ಈಥ್೦
ಹೊರ — ಈಥ್೧

ಕಡತಗಳಲ್ಲಿ ತಪ್ಪಿದೆಯೇ ಎಂದು ನೋಡಲು 'ಶೋರ್‌ವಾಲ್ ಚೆಕ್' ಎಂಬ ಆಜ್ಞೆ ಇದೆ. ಅದನ್ನು ಕೊಟ್ಟೆ. ತಪ್ಪಿಲ್ಲವೆಂದಿತು. ನಿಜವಾಗಿಯೂ ವ್ಯಾಕರಣದ ತಪ್ಪು ಇರಲಿಲ್ಲ; ಕರ್ತೃ, ಕರ್ಮ ಎಲ್ಲ ಸರಿಯಾಗಿದ್ದು ಅರ್ಥ ಮಾತ್ರ ತಲೆಕೆಳಗಾದ ವಾಕ್ಯವದು. ನಿಯಮಗಳನ್ನು ಹೊಸದಾಗಿ ಏರಿಸಿದೆ. ನಡೆಯುತ್ತಿರುವ ಸಂಭಾಷಣೆಗಳನ್ನು ನಡುವೆ ಕತ್ತರಿಸುವುದು ಶೋರ್‌ವಾಲಿನ ಪದ್ಧತಿಯಲ್ಲ. ಆದುದರಿಂದ ನನ್ನ ಮುಂದಿನ ಕಿಟಕಿ ಮೊದಲಿನಂತೆಯೇ ಉತ್ತರಿಸುತ್ತಿತ್ತು. ಎಲ್ಲ ಸರಿಯಿದೆಯೆಂದು ಮುಚ್ಚಿ ಊಟಕ್ಕೆ ಎದ್ದೆ.

ಸ್ವಲ್ಪ ಹೊತ್ತಿಗೆ ಅಣ್ಣನ ಕರೆ ಬಂತು. "ತಮ್ಮಾ, ನೆಟ್ ಬಂದ್ ಬಿದ್ದದ. ಇಪ್ಪತ್ತ್ ಹುಡುಗ್ರು ಕುಂತಾರ, ನಾಳಿ ಲಾಸ್ಟ್ ಡೇಟ್ ಅದ. ಏನರ ಮಾಡಿದೇನು ನೀ?"

"ಏನೂ ಮಾಡಿಲ್ಲಣ್ಣ, ನೋಡ್ತೀನಿ ತಡಿ" ಎಂದೆ. ಸುಳ್ಳು ಹೇಳಿದೆನೆಂದು ಆಗ ನನಗೆ ಗೊತ್ತಿರಲಿಲ್ಲ.

ಮತ್ತೆ ಯಂತ್ರವನ್ನು ಸೇರಲು ಹೋದೆ. ಕ್ಷಣಾರ್ಧದಲ್ಲಿ ನಿರಾಕರಣೆ ಬಂತು. ಮತ್ತೊಮ್ಮೆ ಪ್ರಯತ್ನಿಸಿದೆ, ಅದೇ ಉತ್ತರ. ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆಯೇ ಆ ಉತ್ತರದ ಅರ್ಥ ಹೊಳೆದದ್ದು. ಯಂತ್ರ ಕೆಟ್ಟಿದ್ದರೆ, ತಂತಿ ಕಡಿದಿದ್ದರೆ ಮೌನವಿರುತ್ತಿತ್ತು. ಹೊರಗಿನವರಿಗೆ ನಾನೇ ವಿಧಿಸಿದ್ದು ಮೌನ. ನನಗೆ ಬಂದದ್ದು 'ಇಲ್ಲ, ಹೋಗು' ಎಂಬ ಮಾತು. ಅಂದರೆ ಯಂತ್ರವು ನನ್ನನ್ನು ಹೊರಗಿನವನೆಂದು ತಿಳಿದಿಲ್ಲ, ಒಳಗಿನವನೆಂದು ತಿಳಿದಿದೆ. ಇಂಟರ್‌ನೆಟ್ಟನ್ನೇ ಒಳವೆಂದು ತಿಳಿದಿದೆ. ನನ್ನ ಅಪವಾದವಿದ್ದದ್ದು ಹೊರ ಎಂಬ ಹೆಸರಿಗೆ; ಒಳಗಿನಿಂದ ಯಂತ್ರಕ್ಕೆ ಬರಲು ಯಾರಿಗೂ ಅಪ್ಪಣೆಯಿಲ್ಲ.

ಹಾಗಾದರೆ ಹೊರ ಎಂಬ ಹೆಸರು ಈಗ ಯಾರದು? ಅಂಗಡಿಯ ಯಂತ್ರಗಳದು. ಅವು ಮಾಡುವ ವಿನಂತಿಗಳೆಲ್ಲ ಮೌನದಲ್ಲಿ ಬಿದ್ದುಹೋಗುತ್ತಿವೆ. ಅದಕ್ಕೇ ನೆಟ್ ಬಂದ್. ಅಲ್ಲಿಗೂ ನಿಂತಿದ್ದರೆ ಆಗುತ್ತಿತ್ತು. ನೀತಿಯ ಎರಡನೆಯ ಸಾಲು ನೆನಪಾಯಿತು: ಮಂದಿ — ಹೊರ — ಅಕ್ಸೆಪ್ಟ್. ಬೆಂಚಿನ ಮೇಲೆ ಕುಳಿತ ಇಪ್ಪತ್ತು ಮೊಬೈಲುಗಳಿಗೆ ಇಂಟರ್‌ನೆಟ್ಟಿನ ಹಾದಿ ಮುಚ್ಚಿ, ಅಂಗಡಿಯ ಯಂತ್ರಗಳ ಹಾದಿಯನ್ನು ನಾನು ತೆರೆದುಕೊಟ್ಟಿದ್ದೆ. ಯಾವುದನ್ನು ತಡೆಯಲೆಂದು ಇದೆಲ್ಲವನ್ನೂ ಕಟ್ಟಿದೆನೋ ಅದೊಂದೇ ಆಗ ನಡೆಯಬಹುದಾಗಿತ್ತು. ಬಸ್ಸು ಎಂದಿನಂತೆಯೇ ಓಡುತ್ತಿತ್ತು. ನನಗೆ ಮಾತ್ರ ಅದು ನಿಂತಂತೆ ತೋರಿತು. ಅಣ್ಣನಿಗೆ ಕರೆ ಮಾಡಿ ವೈಫೈ ಪೆಟ್ಟಿಗೆಯ ತಂತಿಯನ್ನು ಕೀಳಲು ಹೇಳಬೇಕೆಂಬ ಬುದ್ಧಿ ಅರ್ಧ ದಾರಿಯಾದ ಮೇಲೆ ಬಂತು. ಹೇಳಿದೆ. ಅಣ್ಣನು ಯಾಕೆಂದೂ ಕೇಳದೆ ಕಿತ್ತನು.

ಅಂಗಡಿ ತಲುಪಿ ಯಂತ್ರದ ಕೀಲಿಮಣೆಯ ಮುಂದೆ ಕುಳಿತು ಎರಡು ಶಬ್ದಗಳನ್ನು ಅದಲುಬದಲು ಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ. ನೆಟ್ ಬಂತು, ಅರ್ಜಿಗಳು ಹೋದವು. ರಾತ್ರಿ ಹನ್ನೊಂದರವರೆಗೆ ಕುಳಿತು ಎಲ್ಲರದ್ದೂ ಮುಗಿಸಿದೆವು. ಆಮೇಲೆ ದಾಖಲೆಯನ್ನು ತೆರೆದೆ. 'ಹೊರ-ಒಳ, ಡ್ರಾಪ್, ಈಥ್೧, ೧೯೨.೧೬೮.೧೦.೧೨' ಎಂಬಂಥ ಸಾಲುಗಳು ಪುಟಗಟ್ಟಲೆ ಇದ್ದವು. ಅಂಗಡಿಯ ಸ್ವಂತ ಯಂತ್ರವೇ ಹೊರಗಿನವನೆನಿಸಿ ಬಾಗಿಲು ತಟ್ಟಿದ ಗುರುತುಗಳು. ನನಗೆ ಬೇಕಾಗಿದ್ದ ಸಾಲು ಬೇರೆ. ಆ ಹೊತ್ತಿನಲ್ಲಿ ಮಂದಿಯಿಂದ ಯಾರಾದರೂ ಆ ಕಡೆ ಹೋದರೆ, ಹೋದರೆ ಯಾರು? ಅದು ದಾಖಲೆಯಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. 'ಇನ್ಫೋ' ಎಂದು ಬರೆದದ್ದು ತಡೆದ ಸಾಲುಗಳ ಮುಂದೆ ಮಾತ್ರ. ಬಿಟ್ಟದ್ದನ್ನು ಬರೆದಿಡು ಎಂದು ನಾನು ಹೇಳಿರಲಿಲ್ಲ. ಕೋಶಕ್ಕೆ ಗುಪ್ತಪದವಿತ್ತು ಎಂಬುದೊಂದೇ ಸಮಾಧಾನ; ಅದು ಅಂಗಡಿಯ ಹುಡುಗರೆಲ್ಲರಿಗೂ, ಅವರ ಗೆಳೆಯರಿಗೂ ಗೊತ್ತಿದ್ದ ಗುಪ್ತಪದ.

ಅಣ್ಣನಿಗೆ ನಡೆದದ್ದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಕಾಗದ ನಾವ್ ಯಾಕ್ ಇಟ್ಕೊಂಡೀವಿ?" ಎಂದನು. ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಉದ್ದೇಶ ತೀರಿದ ಮೇಲೆ ಜನರ ಮಾಹಿತಿಯನ್ನು ಅಳಿಸಬೇಕೆಂಬ ಮಾತಿದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಅದನ್ನು ನಾನೇ ಅವನಿಗೆ ಎಂದೋ ಹೇಳಬೇಕಾಗಿತ್ತು. ಈಗ ಅರ್ಜಿ ಹೋಗಿ ಸ್ವೀಕೃತಿ ಬಂದ ಮೇಲೆ ಆ ಕೋಶ ಖಾಲಿಯಾಗುತ್ತದೆ.

ನಾನೂ ಎರಡು ಕ್ರಮಗಳನ್ನು ಇಟ್ಟುಕೊಂಡೆ. ಶೋರ್‌ವಾಲಿನಲ್ಲಿ 'ಸೇಫ್-ರೀಸ್ಟಾರ್ಟ್' ಎಂಬ ಆಜ್ಞೆಯುಂಟು. ಅದು ಹೊಸ ನಿಯಮಗಳನ್ನು ಏರಿಸಿ, ಒಪ್ಪಿಗೆಯೇ ಎಂದು ಕೇಳುತ್ತದೆ. ೬೦ ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಹಳೆಯ ನಿಯಮಗಳಿಗೆ ತಾನೇ ಹಿಂದಿರುಗುತ್ತದೆ. ಆದರೆ ತೆರೆದಿರುವ ಕಿಟಕಿಯಲ್ಲೇ ಕುಳಿತು ಒಪ್ಪಿಗೆ ಎಂದುಬಿಟ್ಟರೆ ಅದರಿಂದ ಏನೂ ಪ್ರಯೋಜನವಿಲ್ಲ. ಆ ಒಂದು ನಿಮಿಷದೊಳಗೆ ಹೊಸದಾಗಿ ಇನ್ನೊಮ್ಮೆ ಬಾಗಿಲು ತಟ್ಟಿ ನೋಡಬೇಕು. ಎರಡನೆಯದು, ಕಡತದಲ್ಲಿ ಚೌಕಾಕಾರದ ಗೆರೆಚಿಹ್ನೆಯಿಂದ ಆರಂಭವಾಗುವ ಸಾಲನ್ನು ಯಂತ್ರ ಓದುವುದಿಲ್ಲ. ಅಲ್ಲಿ ಏನನ್ನಾದರೂ, ಯಾವ ಲಿಪಿಯಲ್ಲಾದರೂ ಬರೆಯಬಹುದು. ಈಗ ಇಂಟರ್‌ಫೇಸಸ್ ಕಡತದಲ್ಲಿ ಪ್ರತಿ ಸಾಲಿನ ಮೇಲೂ ಕನ್ನಡದಲ್ಲಿ ಬರೆದಿದೆ: ಈಥ್೦, ನೀಲಿ ತಂತಿ, ಕಿಟಕಿಯಿಂದ ಬರುವುದು, ಇದು ಹೊರ, ಈಥ್೧, ಬೂದು ತಂತಿ, ಅಂಗಡಿಯ ಯಂತ್ರಗಳು, ಇದು ಒಳ, ಈಥ್೩, ಹಳದಿ ತಂತಿ, ವೈಫೈ ಪೆಟ್ಟಿಗೆ, ಇದು ಮಂದಿ. ಅಣ್ಣನು ಅದನ್ನು ಓದಿಸಿಕೊಂಡು, ಮೂರು ತಂತಿಗಳಿಗೂ ಬಿಳಿ ಪಟ್ಟಿ ಅಂಟಿಸಿ, ಅವೇ ಮೂರು ಮಾತುಗಳನ್ನು ಶಾಯಿಯಿಂದ ಬರೆದಿದ್ದಾನೆ.